ಒಂದೇ ಯುವಿ ಟೆಲಿಸ್ಕೋಪಿನಲ್ಲಿ ಉಲ್ಕೆಯೂ ಕಾಸ್ಮಿಕ್ ಕಿರಣವೂ: ನನ್ನ ಅನುಭವ

ಉಲ್ಕೆ, ಕಾಸ್ಮಿಕ್ ಕಿರಣ ಎರಡಕ್ಕೂ ಆಗುವಂಥ ಚಿಕ್ಕ ಯುವಿ (ಅತಿನೇರಳೆ ಬೆಳಕಿನ) ಟೆಲಿಸ್ಕೋಪ್ ಕಟ್ಟುವಾಗ ನನ್ನ ತಲೆ ತಿಂದಿದ್ದು ಲೆನ್ಸ್ ಅಲ್ಲ, ಟೈಮಿಂಗ್.

ಮೊದಲು ಬೆಳಕಿನ ವಿಷಯ ಹೇಳಿಬಿಡುತ್ತೇನೆ. ಕಾಸ್ಮಿಕ್ ಕಿರಣ ಅಂದರೆ ಬಾಹ್ಯಾಕಾಶದಿಂದ ಬರುವ ಭಾರೀ ಶಕ್ತಿಯ ಕಣ. ಅಂಥದ್ದೊಂದು ಗಾಳಿಗೆ ಬಡಿದರೆ ಕೋಟ್ಯಂತರ ಕಣಗಳ ಮಳೆ ಶುರುವಾಗುತ್ತದೆ. ಅದು ಹಾದುಹೋದ ದಾರಿಯಲ್ಲಿ ನೈಟ್ರೋಜನ್ ಅಣುಗಳು ಮಂಕಾಗಿ ಹೊಳೆಯುತ್ತವೆ, ಹೆಚ್ಚಾಗಿ 300ರಿಂದ 400 ನ್ಯಾನೋಮೀಟರ್ ನಡುವೆ. 337ರ ಹತ್ತಿರ ಹೊಳಪು ಎಲ್ಲಕ್ಕಿಂತ ಜೋರು. ಅದಕ್ಕೇ ಸೆನ್ಸರ್ ಮುಂದೆ ಬಿಜಿ3 ಎಂಬ, ಯುವಿಯನ್ನು ಹಾಯಲು ಬಿಡುವ ಬಣ್ಣದ ಗಾಜಿನ ಫಿಲ್ಟರ್ ಹಾಕಿದೆ. ಅದು ಕಡುಗೆಂಪನ್ನೂ ಸ್ವಲ್ಪ ಬಿಡುತ್ತದೆ, ಆದರೆ ನಾನು ಬಳಸಿದ ಫೋಟೋಮಲ್ಟಿಪ್ಲೈಯರಿಗೆ (ತೀರಾ ಮಂದ ಬೆಳಕನ್ನೂ ವಿದ್ಯುತ್ ಸಂಕೇತವಾಗಿ ಹಿಗ್ಗಿಸುವ ಸೆನ್ಸರಿಗೆ) ಆ ಬೆಳಕು ಕಾಣುವುದೇ ಇಲ್ಲ. ಲೆನ್ಸ್ ಅಕ್ರಿಲಿಕ್ಕಿನ ಫ್ರೆನೆಲ್, ಅಂದರೆ ಉಂಗುರ ಉಂಗುರವಾಗಿ ಗೀರಿದ ಚಪ್ಪಟೆ ಲೆನ್ಸ್: ತೆಳು, ಹಗುರ, ಅಗಲವಾದ ಆಕಾಶ ಹಿಡಿಯುತ್ತದೆ. ಯುವಿ ಬಿಡುವ ಅಕ್ರಿಲಿಕ್ ಹೌದೋ ಅಲ್ಲವೋ ಅಂತ ಕೊಳ್ಳುವ ಮೊದಲೇ ನೋಡಿಕೊಳ್ಳಿ, ಯಾಕೆಂದರೆ ಎಷ್ಟೋ ಅಕ್ರಿಲಿಕ್ ಹಾಳೆಗಳಲ್ಲಿ ಯುವಿ ತಡೆಯುವ ಪದಾರ್ಥ ಬೆರೆಸಿರುತ್ತಾರೆ.

ಸೆನ್ಸರ್ 64 ಪಿಕ್ಸೆಲ್‌ಗಳದ್ದು, ಬಿದ್ದ ಫೋಟಾನುಗಳನ್ನು (ಬೆಳಕಿನ ಕಣಗಳನ್ನು) ಒಂದೊಂದಾಗಿ ಎಣಿಸುತ್ತದೆ. ಫ್ರೇಮ್, ಅಂದರೆ ಒಂದು ಸಲದ ಎಣಿಕೆಯ ಅವಧಿ, 2.5 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಬೆಳಕಿನ ವೇಗದ ಕಣಮಳೆ 750 ಮೀಟರ್ ಇಳಿದಿರುತ್ತದೆ. ಉಲ್ಕೆಗಳಲ್ಲಿ ಅತಿ ವೇಗದ್ದು, ಸೆಕೆಂಡಿಗೆ 72 ಕಿ.ಮೀ. ಓಡುವಂಥದ್ದು, 18 ಸೆಂಟಿಮೀಟರ್ ಸರಿದಿರುತ್ತದೆ, ಅಷ್ಟೇ! ಇವೆರಡನ್ನೂ ಒಂದೇ ಟ್ರಿಗರಿನಲ್ಲಿ (ಯಾವಾಗ ದಾಖಲಿಸಬೇಕು ಅಂತ ತೀರ್ಮಾನಿಸುವ ವ್ಯವಸ್ಥೆಯಲ್ಲಿ) ಹಿಡಿಯೋಕೆ ಆಗಲ್ಲ ಅಲ್ವಾ?

ದಾರಿ ತೋರಿಸಿದ್ದು ಮಿನಿ-ಯೂಸೊ. 2019ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಈ ಟೆಲಿಸ್ಕೋಪ್ ಅಲ್ಲಿನ ರಷ್ಯನ್ ಭಾಗವಾದ ಜ್ವೆಜ್ದಾ ಮಾಡ್ಯೂಲಿನ ಕಿಟಕಿಯಿಂದ ಕೆಳಗೆ ಭೂಮಿಯನ್ನು ನೋಡುತ್ತದೆ. ಅದು ಮೂರು ಲೆಕ್ಕ ಒಟ್ಟಿಗೆ ಇಡುತ್ತದೆ: 2.5 ಮೈಕ್ರೋಸೆಕೆಂಡಿನ ಫ್ರೇಮ್, ಅಂಥ 128 ಫ್ರೇಮ್‌ಗಳನ್ನು ಕೂಡಿಸಿದ 320 ಮೈಕ್ರೋಸೆಕೆಂಡಿನದು, ಅವನ್ನು ಮತ್ತೆ 128 ಕೂಡಿಸಿದ ಸುಮಾರು 41 ಮಿಲಿಸೆಕೆಂಡಿನದು. ನಾನೂ ಹಾಗೇ ಮಾಡಿದೆ.

ಕೂಡಿಸಿದರೆ ಏನು ಲಾಭ ಅಂತೀರಾ? ಆಕಾಶದ ಹಿನ್ನೆಲೆ ಬೆಳಕು ಫ್ರೇಮಿಗೆ ಒಂದು ಎಣಿಕೆ ಅಂತ ಇಟ್ಟುಕೊಳ್ಳಿ. ಉಲ್ಕೆ ಅದಕ್ಕೆ ಹತ್ತನೇ ಒಂದು ಪಾಲು ಸೇರಿಸಿದರೆ ಒಂದು ಫ್ರೇಮಿನಲ್ಲಿ ಗೊತ್ತೇ ಆಗಲ್ಲ. ಆದರೆ 16,384 ಫ್ರೇಮ್ ಕೂಡಿಸಿದಾಗ ಹಿನ್ನೆಲೆಯ ಏರಿಳಿತ ಬರೀ 128 (ಒಟ್ಟು ಎಣಿಕೆಯ ವರ್ಗಮೂಲದಷ್ಟು), ಉಲ್ಕೆಯ ಪಾಲು 1,600ಕ್ಕೂ ಜಾಸ್ತಿ. ಎದ್ದು ಕಾಣುತ್ತದೆ. ನನ್ನ ಒಂದು ಪಿಕ್ಸೆಲ್ ಸುಮಾರು 1 ಡಿಗ್ರಿ, ಅಂದರೆ 100 ಕಿ.ಮೀ. ದೂರದಲ್ಲಿ 1.7 ಕಿ.ಮೀ. ಉಲ್ಕೆ ಸರಿದಂತೆ ಒಂದು ಪಿಕ್ಸೆಲ್ಲಿನ ಬೆಳಕಿನ ಗ್ರಾಫ್ ಇಳಿಯುತ್ತಿದ್ದಂತೆ ಪಕ್ಕದ್ದು ಏರುತ್ತದೆ, ಅದು ಇಳಿಯುವಾಗ ಅದರಾಚೆಯದು. ಈ ಸಾಲು ನೋಡುವುದು ನನಗೆ ಇವತ್ತಿಗೂ ಖುಷಿ.

ಕಣಮಳೆ ಹಿಡಿಯುವ ವೇಗದ ಟ್ರಿಗರಿನಲ್ಲಿ, ಅಂದರೆ 2.5 ಮೈಕ್ರೋಸೆಕೆಂಡಿನದರಲ್ಲಿ, ಸುಳ್ಳು ಸುದ್ದಿಯೇ ಜಾಸ್ತಿ. ಕಣವೊಂದು ನೇರವಾಗಿ ಸೆನ್ಸರಿನ ಗಾಜನ್ನೇ ತೂರಿ ಹೋದರೆ ಕೆಲವು ಪಿಕ್ಸೆಲ್ ಒಂದೇ ಫ್ರೇಮಿನಲ್ಲಿ ಭಗ್ ಅಂತ ಹೊತ್ತಿ ಆರುತ್ತವೆ. ವಿಮಾನದ ಫ್ಲ್ಯಾಶ್ ಲೈಟ್ ಕೂಡ ಟ್ರಿಗರ್ ಎಬ್ಬಿಸುತ್ತದೆ, ಆದರೆ ಅದು ಒಂದೇ ಲಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ನನ್ನ ನಿಯಮ ಇಷ್ಟೇ: ಬೆಳಕು ಕೆಲವು ಫ್ರೇಮ್‌ಗಳಷ್ಟು ಹೊತ್ತು ಇರಬೇಕು, ಪಕ್ಕದ ಪಿಕ್ಸೆಲ್ಲಿಗೆ ಸರಿಯಬೇಕು, ಮತ್ತೆ ಬರಬಾರದು. ಈ ಜರಡಿಯಲ್ಲಿ ಉಳಿಯುವುದು ತೀರಾ ಕಡಿಮೆ. ಅದು ಸಹಜವೇ. ಅತಿ ಹೆಚ್ಚು ಶಕ್ತಿಯ ಕಣಗಳು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೊಂದು ಬಂದರೆ ಹೆಚ್ಚು. ಅರ್ಜೆಂಟೀನಾದ ಪಿಯರ್ ಓಜೆ ವೀಕ್ಷಣಾಲಯ 3,000 ಚದರ ಕಿ.ಮೀ. ಹರಡಿಕೊಂಡಿರುವುದು ಅದಕ್ಕೇ. ನನ್ನಂಥ ಚಿಕ್ಕ ಲೆನ್ಸಿಗೆ ಸಿಗುವುದೇನಿದ್ದರೂ ಹತ್ತಿರದಲ್ಲೇ ಬೀಳುವ ಕಡಿಮೆ ಶಕ್ತಿಯ ಮಳೆಗಳು.

ಈಗ ಇಂಥದ್ದೇ ಎರಡನೆಯದನ್ನು ಕಟ್ಟುತ್ತಿದ್ದೇನೆ. ಮೊದಲನೆಯದರಿಂದ ದೂರದಲ್ಲಿ ಇಟ್ಟು ಎರಡರಿಂದಲೂ ಒಂದೇ ಉಲ್ಕೆ ನೋಡಿದರೆ, 100 ಕಿ.ಮೀ. ಅಂತ ಸುಮ್ನೆ ಅಂದಾಜು ಮಾಡುವ ಬದಲು ಎತ್ತರವನ್ನು ಅಳೆದೇ ಹೇಳಬಹುದು.