ಕನ್ನಡ ನಾಟಕ, ನಾಗರಿ ಅಕ್ಷರ: 896ರ ಲೆಕ್ಕ

ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು, ಅದರ ಜೊತೆಗೆ ಮರಾಠಿ. 2020ರ ಕಾಯ್ದೆ ಬಂದ ಮೇಲಂತೂ ಮಹಾರಾಷ್ಟ್ರದಲ್ಲಿ ಯಾವ ಬೋರ್ಡಿನ ಶಾಲೆಯಾದರೂ ಮರಾಠಿ ಕಲಿಸಲೇಬೇಕು. ಹಾಗಾಗಿ ನಾಗರಿ ಲಿಪಿ ಇವರಿಗೆ ಸಲೀಸು. ಇಂಥ ಮಕ್ಕಳಿಂದ ನವೆಂಬರ್ ಒಂದಕ್ಕೆ ಕನ್ನಡ ನಾಟಕ ಆಡಿಸಬೇಕು ಅಂದರೆ ಮಾತುಗಳನ್ನು ಯಾವ ಲಿಪಿಯಲ್ಲಿ ಬರೆದುಕೊಡುವುದು? ನಮ್ಮ ಕಡೆ ಅಮ್ಮಂದಿರು ರಾತ್ರಿ ಕೂತು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುತ್ತಿದ್ದರು. ಅದರಲ್ಲಿ ಲ ಯಾವುದು ಳ ಯಾವುದು, ನ ಯಾವುದು ಣ ಯಾವುದು, ದೇವರಿಗೇ ಗೊತ್ತು.

ನಾನು ಹಿಂಜವಡಿಯಲ್ಲಿ ಬ್ಯಾಕೆಂಡ್ ಕೋಡ್ ಬರೆಯುವವನು, ಲಿಪಿ ಪಂಡಿತನಲ್ಲ. ಆದರೆ ಯೂನಿಕೋಡ್ (ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಮಾನಕ) ಜೊತೆ ದಿನಾ ಏಗುವವನಿಗೆ ಒಂದು ವಿಷಯ ಗೊತ್ತಿರುತ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 3200ರಿಂದ 3327ರವರೆಗೆ 128 ಜಾಗ ಕೊಟ್ಟಿದ್ದಾರೆ. ನಾಗರಿಗೆ 2304ರಿಂದ 2431ರವರೆಗೆ ಅಷ್ಟೇ ಜಾಗ. ಎರಡರಲ್ಲೂ ಅಕ್ಷರಗಳು ಕೂತಿರುವ ಸಾಲು ಹೆಚ್ಚುಕಡಿಮೆ ಒಂದೇ. ನಮ್ಮ ಕ 3221. ಅದರಿಂದ 896 ಕಳೆಯಿರಿ, 2325. ಅದು ನಾಗರಿಯ ಕ. ಖ ಗ ಘ, ಕಾಗುಣಿತದ ಗುರುತುಗಳು, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಗುರುತು), ಅನುಸ್ವಾರ, ಅಂಕಿಗಳು, ಎಲ್ಲಕ್ಕೂ ಅದೇ 896. (ಯೂನಿಕೋಡ್ ಪಟ್ಟಿಗಳು ಹದಿನಾರರ ಲೆಕ್ಕದಲ್ಲಿ ಇರುತ್ತವೆ, ನಾನು ಇಲ್ಲಿ ಮಾಮೂಲಿ ಅಂಕಿಗೆ ಇಳಿಸಿ ಹೇಳುತ್ತಿದ್ದೇನೆ.)

ಇದು ಆಕಸ್ಮಿಕ ಅಲ್ಲ. ಯೂನಿಕೋಡ್‌ಗಿಂತ ಮುಂಚೆ ನಮ್ಮಲ್ಲಿ ಇಸ್ಕಿ ಅಂತ ಒಂದು ಮಾನಕ ಇತ್ತು. ಭಾರತದ ಲಿಪಿಗಳೆಲ್ಲ ಬ್ರಾಹ್ಮಿಯ ಮಕ್ಕಳೇ ಅಲ್ವಾ, ವರ್ಣಮಾಲೆಯ ಕ್ರಮ ಒಂದೇ ಅಲ್ವಾ, ಹಾಗಾದರೆ ಒಂದೇ ಸಂಖ್ಯೆ ಇಟ್ಟುಕೊಂಡು ಬೇಕಾದ ಲಿಪಿಯಲ್ಲಿ ತೋರಿಸೋಣ ಅನ್ನುವುದು ಅದರ ಯೋಚನೆ. ಆ ಕಾಲಕ್ಕೆ ನಮ್ಮ ಲಿಪಿಗಳನ್ನು ತೋರಿಸಲು ಕಂಪ್ಯೂಟರಿನೊಳಗೆ ಸಿಕ್ಕಿಸುವ ಜಿಸ್ಟ್ ಕಾರ್ಡ್ ಬರುತ್ತಿತ್ತು. ಅದನ್ನು ಬೆಳೆಸಿದ ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಮುಖ್ಯ ಕಚೇರಿ ನಮ್ಮ ಪುಣೆಯಲ್ಲೇ ಇರುವುದು. ಯೂನಿಕೋಡ್‌ನವರು ಇಸ್ಕಿಯ 1988ರ ರೂಪವನ್ನು ಎದುರಿಗಿಟ್ಟುಕೊಂಡು ಒಂದೊಂದು ಲಿಪಿಗೂ ಬೇರೆ ಬೇರೆ ಜಾಗ ಕೊಟ್ಟರು, ಒಳಗಿನ ಸಾಲನ್ನು ಮಾತ್ರ ಹಾಗೇ ಉಳಿಸಿಕೊಂಡರು. ಅದರ ಪುಣ್ಯದಿಂದ ನಮಗೆ ಈ ಕಳೆಯುವ ಲೆಕ್ಕ ಸಿಕ್ಕಿದೆ.

ಹಾಗಾಗಿ ಮೊದಲ ಕೋಡ್ ಪೈಥಾನ್‌ನಲ್ಲಿ ನಾಲ್ಕೇ ಸಾಲು. ಒಂದೊಂದೇ ಅಕ್ಷರ ತೆಗೆದುಕೋ, ಅದರ ಸಂಖ್ಯೆ ಕನ್ನಡದ ಜಾಗದೊಳಗಿದ್ದರೆ 896 ಕಳೆ, ಇಲ್ಲದಿದ್ದರೆ ಹಾಗೇ ಬಿಡು. ಇದಕ್ಕೆ ತಯಾರಾದ ಸಾಧನಗಳೂ ಇವೆ, ಗೊತ್ತಿದೆ. ಅಕ್ಷರಮುಖ ಅಂತ ಒಂದು ಒಳ್ಳೆಯ ತಾಣ ಇದೆ, ಪ್ರೋಗ್ರಾಮ್ ಬರೆಯುವವರು ಬಳಸುವ ಐಸಿಯು ಕೋಡ್ ಲೈಬ್ರರಿಯಲ್ಲೂ ಕನ್ನಡದಿಂದ ನಾಗರಿಗೆ ಬದಲಿಸುವ ಸೌಲಭ್ಯ ಇದೆ. ಒಂದು ಸಲದ ಕೆಲಸಕ್ಕೆ ಅವೇ ಸಾಕು, ಸುಮ್ನೆ ಕೋಡ್ ಬರೆಯಬೇಡಿ. ನನಗೆ ಸ್ವಂತದ್ದು ಬೇಕಾಗಿದ್ದು ಯಾಕೆ ಅಂದರೆ ಅವು ಮಾಡುವುದು ಶಾಸ್ತ್ರಕ್ಕೆ ಸರಿಯಾದ ನಾಗರಿ. ನಮ್ಮ ಮಕ್ಕಳು ಓದುವುದು ಮರಾಠಿ ಶಾಲೆಯ ನಾಗರಿ. ಎರಡಕ್ಕೂ ವ್ಯತ್ಯಾಸ ಇದೆ. ಕೋಡ್ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದು ಈ ವ್ಯತ್ಯಾಸಕ್ಕೇ.

ಅದಕ್ಕೂ ಮೊದಲು ಫೈಲಿನ ಕಥೆ. ನಾಟಕದ ಪ್ರತಿ ಇದ್ದದ್ದು ಹಳೇ ಕಾಲದ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬು ಎಲ್ಲ ಕಲಸಿಕೊಂಡಿರುತ್ತವೆ. ಕಾರಣ ಸುಲಭ. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಅಕ್ಷರದ ಚೂರುಗಳ ಚಿತ್ರಗಳಿವೆ, ಅಷ್ಟೇ. ಅರ್ಕಾವತ್ತು ಕಣ್ಣಿಗೆ ಅಕ್ಷರ ಆದ ಮೇಲೆ ಕಾಣುತ್ತದಲ್ಲ, ಫೈಲಿನಲ್ಲೂ ಆಮೇಲೇ ಇರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ ಬೇಕು, ರ ಮತ್ತು ವಿರಾಮ ಮೊದಲು ಬರಬೇಕು. ಇದನ್ನೆಲ್ಲ ಸರಿ ಮಾಡುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ, ಅವನ್ನೇ ಬಳಸಿದೆ. ಪಿಡಿಎಫ್‌ನಿಂದ ಕಾಪಿ ಮಾಡಲು ಮಾತ್ರ ಹೋಗಬೇಡಿ, ವತ್ತುಗಳು ಎಲ್ಲೆಲ್ಲೋ ಚೆಲ್ಲಾಡಿ ಬರುತ್ತವೆ. ಮೂಲ ವರ್ಡ್ ಫೈಲು ಯಾರ ಹತ್ತಿರ ಇದೆ ಅಂತ ಹುಡುಕುವುದೇ ವಾಸಿ.

ಕನ್ವರ್ಟರ್ ಆದ ಮೇಲೆ ಇನ್ನೊಂದು ಕೆಲಸ ಇದೆ. ಕೀ ಅನ್ನುವುದನ್ನು ಯೂನಿಕೋಡ್‌ನಲ್ಲಿ ಎರಡು ಥರ ಬರೆಯಬಹುದು: ದೀರ್ಘದ ಗುರುತು ಒಂದೇ ಆಗಿ, ಇಲ್ಲವೇ ಗುಡಿಸು ಬೇರೆ ದೀರ್ಘದ ಬಾಲ ಬೇರೆ. ತೆರೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಆ ಬಿಡಿ ಬಾಲದ ಸಂಖ್ಯೆ 3285. ಅದರಿಂದ 896 ಕಳೆದರೆ 2389, ಮರಾಠಿಯಲ್ಲಿ ಯಾರೂ ಕಂಡಿರದ ಒಂದು ಗುರುತು. ಆದ್ದರಿಂದ ಮೊದಲು ಪಠ್ಯವನ್ನು ಬಿಡಿ ಚೂರುಗಳು ಕೂಡಿಕೊಂಡಿರುವ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲಿನಲ್ಲಿ ಅದು ಒಂದು ಸಾಲು. ಕನ್ನಡ ಪಠ್ಯದ ಮೇಲೆ ಏನೇ ಮಾಡುವುದಿದ್ದರೂ, ಹುಡುಕುವುದಾಗಲಿ ಹೋಲಿಸುವುದಾಗಲಿ, ಇದನ್ನು ಮೊದಲು ಮಾಡಿಬಿಡುವುದು ಒಳ್ಳೆಯದು.

ಈಗ ನಿಜವಾದ ತಲೆನೋವಿಗೆ ಬರೋಣ. ನಮ್ಮಲ್ಲಿ ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ. ಮರಾಠಿಯಲ್ಲಿ ಈ ಭೇದ ಇಲ್ಲ. ಯೂನಿಕೋಡ್‌ನ ನಾಗರಿಯಲ್ಲಿ ದಕ್ಷಿಣದ ಭಾಷೆಗಳನ್ನು ಬರೆಯಲಿಕ್ಕೆಂದೇ ಹ್ರಸ್ವ ಎ, ಒ ಇಟ್ಟಿದ್ದಾರೆ, 896 ಕಳೆದರೆ ಅವೇ ಬಂದು ಕೂರುತ್ತವೆ. ಆದರೆ ಶಾಲೆಯಲ್ಲಿ ಯಾರೂ ಅವನ್ನು ಕಲಿಸಿಲ್ಲ. ಮೊದಲ ಪ್ರತಿ ಕೊಟ್ಟಾಗ ಆರನೇ ಕ್ಲಾಸಿನ ಹುಡುಗಿ ಹಾಳೆ ತಿರುಗಿಸಿ ತಿರುಗಿಸಿ ನೋಡಿ, "ಕಾಕಾ, ಈ ಮಾತ್ರಾ ಉಲ್ಟಾ ಯಾಕ ಅದ?" ಅಂತ ಕೇಳಿದಳು. ಇನ್ನೊಬ್ಬ ಅದನ್ನು ಮರಾಠಿಯ ಅರ್ಧಚಂದ್ರ ಅಂದುಕೊಂಡು ಎಲ್ಲವನ್ನೂ ಇಂಗ್ಲಿಷ್ ಪದದ ಥರ ಬಾಯಿ ಅಗಲಿಸಿ ಓದಿದ.

ಹಾಗಂತ ಎರಡನ್ನೂ ಒಂದೇ ಮಾಡಿದರೆ ಬೆಳೆಯೂ ಬೇಳೆಯೂ ಒಂದೇ ಆಗುತ್ತದೆ, ಕೊಡು ಮತ್ತು ಕೋಡು ಒಂದೇ ಆಗುತ್ತದೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳು ಮುಕ್ಕಾಲು ಪಾಲು ಊಹಿಸಿ ಓದಿಬಿಡುತ್ತಾರೆ. ಗೊತ್ತಿಲ್ಲದ ಪದ ಬಂದಾಗ ಮುಗ್ಗರಿಸುತ್ತಾರೆ. ಯೋಚಿಸಿದರೆ ಕನ್ನಡದಲ್ಲಿ ಹ್ರಸ್ವ ಎ ಸಿಕ್ಕಾಪಟ್ಟೆ ಜಾಸ್ತಿ: ಮನೆ, ಕೆರೆ, ಎಲೆ, ಬೆಲ್ಲ, ಹೆಂಗಸರು. ಅದಕ್ಕೆ ಗುರುತು ಹಾಕುತ್ತಾ ಹೋದರೆ ಪುಟ ತುಂಬಿಹೋಗುತ್ತದೆ. ಅದರ ಬದಲು ದೀರ್ಘಕ್ಕೆ ಗುರುತು ಹಾಕೋಣ ಅಂದುಕೊಂಡೆ. ಹಾಡಿನ ಪುಸ್ತಕಗಳಲ್ಲಿ ಸ್ವರ ಎಳೆಯಬೇಕಾದ ಕಡೆ ಅವಗ್ರಹ (ಽ) ಹಾಕಿರುತ್ತಾರಲ್ಲ, ಅದು ಮಕ್ಕಳಿಗೆ ಗೊತ್ತು. ಹಾಗಾಗಿ ಹ್ರಸ್ವ ಎ, ಒ ಎರಡಕ್ಕೂ ಮಾಮೂಲಿ ಮರಾಠಿ ಮಾತ್ರೆ. ದೀರ್ಘಕ್ಕೆ ಅದೇ ಮಾತ್ರೆ, ಮುಂದೆ ಒಂದು ಅವಗ್ರಹ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಮಕ್ಕಳು ಒಮ್ಮೆ ಹೇಳಿದ್ದಕ್ಕೇ ಹಿಡಿದುಕೊಂಡರು.

ಇದನ್ನು ಕೋಡಿಗೆ ಹಾಕುವಾಗ ಒಂದು ಎಚ್ಚರ. ಕೇಂದ್ರ ಅನ್ನುವಲ್ಲಿ ದೀರ್ಘ ಆದ ತಕ್ಷಣ ಅನುಸ್ವಾರ ಇದೆ. ಅವಗ್ರಹವನ್ನು ಮಾತ್ರೆ ಆದ ತಕ್ಷಣ ತೂರಿಸಿದರೆ ಅನುಸ್ವಾರ ತನ್ನ ಅಕ್ಷರ ಬಿಟ್ಟು ಬೇರೆ ಕಡೆ ಹೋಗಿ ಕೂರುತ್ತದೆ. ಮುಂದೆ ಅನುಸ್ವಾರ ಅಥವಾ ವಿಸರ್ಗ ಇದೆಯಾ ನೋಡಿ, ಇದ್ದರೆ ಅದು ಮುಗಿದ ಮೇಲೆ ಅವಗ್ರಹ ಹಾಕಬೇಕು.

ಆಮೇಲೆ ಕೊನೆಯ ಅಕಾರ. ಮರಾಠಿಯಲ್ಲಿ ಪದದ ಕೊನೆಯ ಅಕಾರವನ್ನು ನುಂಗುತ್ತಾರೆ. ರಾಮ ಅಂತ ಬರೆದು ರಾಮ್ ಅಂತ ಓದುತ್ತಾರೆ. ನಮ್ಮ ಮರ, ಹೋದ, ಬಂದ ಎಲ್ಲ ಮರ್, ಹೋದ್, ಬಂದ್ ಆದವು. ರಾಜನ ಪಾತ್ರದ ಹುಡುಗ ಗಂಭೀರವಾಗಿ "ಯಾರು ಬಂದ್?" ಅಂತ ಕೇಳಿದರೆ ಇಡೀ ಹಾಲು ನಗದೆ ಇರುತ್ತದಾ? ಇಲ್ಲೂ ಅವಗ್ರಹ ಹಾಕಿ ನೋಡಿದೆ, ಪುಟ ತುಂಬ ಕೊಕ್ಕೆಗಳಾದವು, ತೆಗೆದೆ. ಇದಕ್ಕೆ ಕೋಡಿನಲ್ಲಿ ಪರಿಹಾರ ಹುಡುಕಬಾರದು. "ಸಂಜೆ ಶುಭಂ ಕರೋತಿ ಹೇಗೆ ಹೇಳುತ್ತೀರಿ, ಅಕ್ಷರ ಅಕ್ಷರ ಬಿಡಿಸಿ, ಹಾಗೆ ಓದಿ" ಅಂದೆವು. ಪದದ ಕೊನೆಯಲ್ಲಿ ಅರ್ಧ ಅಕ್ಷರ ಇರುವ ಕಡೆಯೆಲ್ಲ ನಮ್ಮ ಬರಹದಲ್ಲಿ ವಿರಾಮ ಇದ್ದೇ ಇರುತ್ತದೆ, ಅದು ನಾಗರಿಯಲ್ಲೂ ಅಕ್ಷರದ ಕಾಲ ಕೆಳಗೆ ಓರೆ ಗೆರೆಯಾಗಿ ಕಾಣುತ್ತದೆ. ಗೆರೆ ಇಲ್ಲದಿದ್ದರೆ ಪೂರ್ತಿ ಓದು, ಇಷ್ಟೇ ನಿಯಮ.

ಕೆಲವು ಕಡೆ ಮರಾಠಿಯೇ ಸಹಾಯಕ್ಕೆ ಬಂತು. ಳ ಅವರಲ್ಲೂ ಇದೆ, ಶಾಳಾ ಅನ್ನುವ ಮಕ್ಕಳಿಗೆ ಬಾಳೆ ಕಷ್ಟ ಅಲ್ಲ. ಇನ್ನು ರ‍್ಯಾಲಿ ಥರದ ಪದಗಳು. ಅಲ್ಲಿ ಅರ್ಕಾವತ್ತು ಬರಬಾರದು ಅಂತ ನಾವು ರ ಆದ ಮೇಲೆ 8205ನೇ ಸಂಖ್ಯೆಯ ಕಾಣದ ಜೋಡಕವನ್ನು ಹಾಕಿ ಆಮೇಲೆ ವಿರಾಮ ಹಾಕಿರುತ್ತೇವೆ. ಅದು ನಾಗರಿಗೆ ಹಾಗೇ ಹೋದರೆ ಸರಿ ಕಾಣುವುದಿಲ್ಲ. ಮರಾಠಿಯಲ್ಲಿ ಇಂಥ ಕಡೆಗೇ ಒಂದು ಅಡ್ಡ ರ ಇದೆ, 2353ನೇ ಅಕ್ಷರಕ್ಕೆ ವಿರಾಮ ಕೊಟ್ಟರೆ ಬರುತ್ತದೆ. ಈ ಮೂರನ್ನು ಆ ಎರಡಕ್ಕೆ ಬದಲಿಸುವ ಸಾಲು ಸೇರಿಸಿದೆ. ಜಾಗ ಪದವನ್ನು ಮಕ್ಕಳು ಮರಾಠಿಯ ಜಕಾರದಲ್ಲಿ, ನಾಲಗೆಯನ್ನು ಹಲ್ಲಿಗೆ ತಾಕಿಸಿ ಓದುತ್ತಾರೆ. ಅದನ್ನು ಬಿಟ್ಟುಬಿಟ್ಟೆ. ತಾಲೀಮಿನಲ್ಲಿ ತಿದ್ದಿದರಾಯಿತು.

ನಾಟಕದಲ್ಲಿ ಆಸ್ಥಾನ ಕವಿಯ ಬಾಯಲ್ಲಿ ಸ್ವಲ್ಪ ಹಳಗನ್ನಡ ಇತ್ತು. ಅಲ್ಲಿ ನಾಟಕ ಆಡಿಸುವ ನಮ್ಮ ಮಾಸ್ತರು ಹಾಳೆ ಹಿಡಿದು, "ತಮ್ಮಾ, ಬಾೞ್ ಇರೋ ಕಡೆ ಇದೇನೋ ಬಾಫ್ ಅಂತ ಬಂದದಲ್ಲ?" ಅಂದರು. ನೋಡಿದರೆ ನಮ್ಮ ೞ 3294ರಲ್ಲಿದೆ, 896 ಕಳೆದ ಜಾಗದಲ್ಲಿ ನಾಗರಿಯವರು ಉರ್ದು ಪದಗಳಿಗೆ ಬೇಕಾದ ಚುಕ್ಕೆ ಫ ಇಟ್ಟಿದ್ದಾರೆ. ಆ ಉಚ್ಚಾರಕ್ಕೆ ಹೊಂದುವ ನಾಗರಿ ಅಕ್ಷರ 2356ರಲ್ಲಿದೆ. ಅದನ್ನೂ ಮಕ್ಕಳು ಓದಲಾರರು, ಹಾಗಾಗಿ ಸೀದಾ ಳ ಮಾಡಿದೆ. ಹಳಗನ್ನಡದ ೞ ಹೊಸಗನ್ನಡದಲ್ಲಿ ಆಗಿರುವುದೂ ಅದೇ ತಾನೇ.

ಪ್ರಿಂಟಿಗೆ ಬ್ರೌಸರೇ ಸಾಕು. ಒಂದು ಎಚ್‌ಟಿಎಂಎಲ್ ಪುಟ, ಎರಡು ಕಾಲಮ್ಮು, ಎಡಕ್ಕೆ ಕನ್ನಡ, ಬಲಕ್ಕೆ ನಾಗರಿ, ಪ್ರತಿ ಮಾತೂ ಅಕ್ಕಪಕ್ಕ. ದೊಡ್ಡವರು ಎಡಗಡೆ ನೋಡಿ ಹೇಳಿಕೊಡಬಹುದು. ಕನ್ನಡದ ವತ್ತು ಕೆಳಗೆ ಇಳಿಯುತ್ತದೆ, ನಾಗರಿಯ ಮಾತ್ರೆ ಮೇಲೆ ಏರುತ್ತದೆ, ಆದ್ದರಿಂದ ಸಾಲುಗಳ ನಡುವೆ ಧಾರಾಳ ಜಾಗ ಬಿಡಿ. ಎರಡೂ ಲಿಪಿಗೆ ನೋಟೋ ಫಾಂಟ್ ಹಾಕಿದೆ. ತಲೆಬರಹಕ್ಕೆ ಮುಂಬೈಯ ಏಕ್ ಟೈಪ್‌ನವರ ಬಾಲೂ ಚೆನ್ನಾಗಿದೆ, ಅದರ ಕನ್ನಡ ರೂಪಕ್ಕೆ ಬಾಲೂ ತಮ್ಮ ಅಂತಲೇ ಹೆಸರು.

ಇಲ್ಲಿ ಒಂದು ಸಣ್ಣ ಸುಳ್ಳು ಹೇಳಿದ್ದೇನೆ. ನಾಗರಿ ಕಾಲಮ್ಮಿನ ಭಾಷೆ ನಿಜಕ್ಕೂ ಕನ್ನಡ, ಲಿಪಿ ಮಾತ್ರ ನಾಗರಿ, ಪುಟದ ಭಾಷೆ ಯಾವುದು ಅಂತ ಹೇಳುವ ಟ್ಯಾಗಿನಲ್ಲಿ ಹಾಗೆ ಬರೆಯುವ ಕ್ರಮವೂ ಇದೆ. ನಾನು ಮರಾಠಿ ಅಂತ ಹಾಕಿದೆ. ಯಾಕೆಂದರೆ ಲ ಮತ್ತು ಶ ಮರಾಠಿಯಲ್ಲಿ ಬರೆಯುವ ರೂಪ ಹಿಂದಿಗಿಂತ ಬೇರೆ. ಕೆಲವು ಫಾಂಟ್‌ಗಳು ಭಾಷೆಯ ಟ್ಯಾಗ್ ನೋಡಿಯೇ ಮರಾಠಿ ರೂಪ ತೋರಿಸುತ್ತವೆ. ಕಾಗದಕ್ಕೆ ಹೋಗುವ ಪುಟ, ನಡೆಯುತ್ತದೆ. ತೆರೆಯ ಮೇಲೆ ಇಡುವುದಾದರೆ ಹೀಗೆ ಮಾಡಬೇಡಿ, ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಗಳು ಅದನ್ನು ಮರಾಠಿ ಅಂತಲೇ ಓದುತ್ತವೆ.

ಇಟ್ಟುಕೊಳ್ಳುವ ಫೈಲು ಒಂದೇ, ಅದು ಕನ್ನಡದ್ದು. ಮಾಸ್ತರು ಪ್ರತಿ ತಾಲೀಮಿನಲ್ಲೂ ಎರಡು ಮಾತು ಕಿತ್ತು ಮೂರು ಸೇರಿಸುವವರು. ತಿದ್ದುವುದೇನಿದ್ದರೂ ಕನ್ನಡದಲ್ಲೇ ತಿದ್ದಿ, ಮತ್ತೆ ಓಡಿಸಿ, ಝೆರಾಕ್ಸ್ ಅಂಗಡಿಗೆ ಪಿಡಿಎಫ್ ಕಳಿಸುತ್ತೇನೆ. ನಾಗರಿ ಪ್ರತಿಗೆ ಕೈ ಹಚ್ಚುವುದೇ ಇಲ್ಲ.

ಇದರ ಉಲ್ಟಾ ಕೆಲಸವೂ ಬಂತು. ಕಾರ್ಯಕ್ರಮಕ್ಕೆ ಹೆಸರು ಕೊಟ್ಟವರು ಅರ್ಧ ಜನ ಮರಾಠಿಯಲ್ಲಿ ಟೈಪ್ ಮಾಡಿದ್ದರು, ಪತ್ರಿಕೆಯಲ್ಲಿ ಕನ್ನಡ ಬೇಕು. 896 ಕೂಡಿಸಿದರೆ ಹೆಚ್ಚಿನವು ಬಂದವು. ಡಾಕ್ಟರ್ ಪದದಲ್ಲಿ ಮರಾಠಿಯವರು ಹಾಕುವ ಅರ್ಧಚಂದ್ರಕ್ಕೆ ಕನ್ನಡದಲ್ಲಿ ಜಾಗ ಖಾಲಿ, ಅಲ್ಲಿ ಬರೀ ಚೌಕ ಬರುತ್ತದೆ. ಅದನ್ನು ಮೊದಲೇ ಆಕಾರಕ್ಕೆ ಬದಲಿಸಿಕೊಳ್ಳಿ. ಪೂರ್ಣವಿರಾಮದ ದಂಡವನ್ನೂ ಮುಟ್ಟಬೇಡಿ. 2404, 2405ರ ದಂಡಗಳು ನಾಗರಿಯ ಜಾಗದಲ್ಲಿದ್ದರೂ ಕನ್ನಡ, ತೆಲುಗು ಥರದ ಲಿಪಿಗಳಿಗೂ ಅವೇ, ಕನ್ನಡಕ್ಕೆ ಬೇರೆ ದಂಡ ಇಲ್ಲ.

ಸೊಲ್ಲಾಪುರದ ಗೆಳೆಯನೊಬ್ಬ ತಮ್ಮ ಓಣಿಯ ತೆಲುಗು ಲಿಪಿ ಓದುವ ಮಂದಿಗೂ ಇದು ಆಗುತ್ತದಾ ಅಂತ ಕೇಳಿದ. ಅವರಿಗೆ ಇನ್ನೂ ಸುಲಭ. ತೆಲುಗಿನ ಜಾಗ ಕನ್ನಡಕ್ಕೆ ಸರಿಯಾಗಿ ಮುಂಚೆಯೇ ಇದೆ, 128 ಕಳೆದರೆ ಮುಗಿಯಿತು, ಎ ಏ ಒ ಓ ನಾಲ್ಕೂ ಅಲ್ಲಿವೆ, ಅವಗ್ರಹದ ಉಸಾಬರಿ ಇಲ್ಲ. ತಮಿಳಿಗೆ ಮಾತ್ರ ಈ ಲೆಕ್ಕ ಹಿಡಿದುಕೊಂಡು ಹೋಗಬೇಡಿ. 256 ಕಳೆದರೆ ಕ ಸಿಗುತ್ತದೆ, ಖ ಗ ಘ ಇರಬೇಕಾದ ಜಾಗಗಳು ಖಾಲಿ.