ಜಿಮ್ ಬಾಗಿಲಿಗಿಂತ ಮೊದಲು ಕಿಟಕಿ ತೆರೆಯಿರಿ

2021ರ ಜೂನ್. ಕೋವಿಡ್‌ನಿಂದ ಮುಚ್ಚಿದ್ದ ಜಿಮ್‌ಗಳು ಮತ್ತೆ ತೆರೆಯುವ ಹಿಂದಿನ ದಿನ, ಭಾನುವಾರ ಸಂಜೆ, ಕಲಬುರಗಿಯ ಸೇಡಂ ರಸ್ತೆ ಕಡೆಯ ಜಿಮ್ ಮಾಲೀಕರೊಬ್ಬರ ಫೋನ್. ‘ಎಲ್ಲಾ ರೆಡಿ ಮಾಡೀವ್ರಿ ಸರ, ನಾಳಿಂದ ಶುರು. ಒಮ್ಮೆ ಬಂದು ನೋಡಿ ಹೋಗ್ರಿ’ ಎಂದರು. ಹೋದೆ. ಬಾಗಿಲಲ್ಲಿ ಕಾಲಿಂದ ಒತ್ತುವ ಸ್ಯಾನಿಟೈಜರ್ ಸ್ಟ್ಯಾಂಡ್, ಹುಡುಗನ ಕೈಯಲ್ಲಿ ಜ್ವರ ನೋಡುವ ಗನ್, ನೆಲದ ಮೇಲೆ ಹಳದಿ ವೃತ್ತಗಳು, ಗೋಡೆಗೆ ‘ಸುರಕ್ಷಿತ ಜಿಮ್’ ಎಂಬ ಫ್ಲೆಕ್ಸ್. ಕಿಟಕಿ ಎಲ್ಲಿ ಎಂದು ಕೇಳಿದೆ. ನಾಲ್ಕು ಕಿಟಕಿಗಳಿದ್ದವು. ನಾಲ್ಕಕ್ಕೂ ತೋಳು ಉಬ್ಬಿಸಿದ ಪೈಲ್ವಾನನ ಸ್ಟಿಕ್ಕರ್ ಅಂಟಿಸಿ, ಒಳಗಿಂದ ಪ್ಲೈವುಡ್ ಬಡಿದಿದ್ದರು. ‘ತೆರದ್ರ ಧೂಳು ಬರ್ತದ್ರಿ’ ಎಂಬ ಸಮಾಧಾನ ಬೇರೆ.

ಪಾಲಿಟೆಕ್ನಿಕ್‌ನಲ್ಲಿ ಫ್ರಿಜ್, ಎಸಿ ಪಾಠ ಹೇಳುವವನು ನಾನು. ಬೆಳಿಗ್ಗೆ ಒಂದು ತಾಸು ಕಬ್ಬಿಣ ಎತ್ತುವ ಚಟವೂ ಇದೆ. 2020ರ ಆಗಸ್ಟ್ 5ಕ್ಕೆ ಜಿಮ್‌ಗಳು ಮತ್ತೆ ತೆರೆದಾಗ ಊರಿನ ಐದಾರು ಕಡೆ ಇದೇ ತಪ್ಪು ನೋಡಿದ್ದೆ. 2021ರ ಜೂನ್ 21ರಿಂದ, ಸೋಂಕಿನ ಪ್ರಮಾಣ ಶೇ 5ಕ್ಕಿಂತ ಕಡಿಮೆ ಇದ್ದ ರಾಜ್ಯದ 16 ಜಿಲ್ಲೆಗಳಲ್ಲಿ ಅರ್ಧದಷ್ಟು ಜನರೊಂದಿಗೆ, ಎಸಿ ಇಲ್ಲದೆ ಜಿಮ್ ನಡೆಸಲು ಅನುಮತಿ ಸಿಕ್ಕಿತು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆ ಪಟ್ಟಿಯಲ್ಲಿದ್ದವು. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ಕಂಡ ಊರು ನಮ್ಮದು. ‘ಜಿಮ್‌ಗೆ ಹೊಂಟೀನಿ’ ಅಂದರೆ ‘ಜಿಮ್ಸಿಗಾ? ಯಾರಿಗೆ ಏನಾಯ್ತು?’ ಎಂದು ಮನೆಯವರು ಗಾಬರಿಯಾಗುವ ಊರು (ಜಿಮ್ಸ್ ಅಂದರೆ ಇಲ್ಲಿನ ಸರ್ಕಾರಿ ದೊಡ್ಡಾಸ್ಪತ್ರೆ).

ತೆರೆಯುವುದು ಸುರಕ್ಷಿತವೇ? ಹೇಗೆ ತೆರೆಯುತ್ತೀರಿ ಎಂಬುದರ ಮೇಲಿದೆ. ನಾರ್ವೆಯ ಓಸ್ಲೊದಲ್ಲಿ 2020ರ ಮೇ-ಜೂನ್‌ನಲ್ಲಿ 3,764 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಮಾತ್ರ ಜಿಮ್‌ಗೆ ಬಿಟ್ಟರು. ಪರೀಕ್ಷೆಯಲ್ಲಿ ಸೋಂಕು ಕಂಡಿದ್ದು ಒಬ್ಬರಲ್ಲಿ. ಅವರೂ ಆ ದಿನಗಳಲ್ಲಿ ಜಿಮ್‌ಗೆ ಕಾಲಿಟ್ಟಿರಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಷಿಕಾಗೊದ ಒಂದು ಜಿಮ್‌ನಲ್ಲಿ ಜೋರು ವ್ಯಾಯಾಮದ ಕ್ಲಾಸಿಗೆ ಬಂದ 81 ಜನರಲ್ಲಿ 55 ಮಂದಿಗೆ ಸೋಂಕು ತಗುಲಿತು. ಹೆಚ್ಚಿನವರು ಮಾಸ್ಕ್ ತೆಗೆದಿಟ್ಟೇ ವ್ಯಾಯಾಮ ಮಾಡಿದ್ದರು. ಓಸ್ಲೊದ ಕಥೆಯನ್ನಷ್ಟೇ ವಾಟ್ಸ್‌ಆ್ಯಪ್‌ನಲ್ಲಿ ಹಂಚುವವರು ಗಮನಿಸಬೇಕು: ಅಲ್ಲಿ ಆಗ ಊರಿನಲ್ಲೇ ಸೋಂಕು ಕಡಿಮೆ ಇತ್ತು, ಸೇರಿಸಿಕೊಂಡವರೂ ಬೇರೆ ಕಾಯಿಲೆ ಇಲ್ಲದ, 65 ದಾಟದವರು.

ಹಂತ 1: ತಲೆ ಎಣಿಸಿ

ಕೇಂದ್ರ ಆರೋಗ್ಯ ಸಚಿವಾಲಯದ ಆಗಿನ ಸೂಚನೆ ಪ್ರಕಾರ ಒಬ್ಬರಿಗೆ 4 ಚದರ ಮೀಟರ್, ಅಂದರೆ ಸುಮಾರು 43 ಚದರಡಿ ಜಾಗ ಬೇಕಿತ್ತು. 40 ಅಡಿ ಉದ್ದ, 30 ಅಡಿ ಅಗಲದ ಹಾಲ್‌ಗೆ ಕಾಗದದ ಲೆಕ್ಕದಲ್ಲಿ 27 ಜನ. ಅದರ ಅರ್ಧ 13. ಟ್ರೇನರ್, ಕ್ಯಾಶ್ ಟೇಬಲ್ಲಿನವರು, ಕಸ ಗುಡಿಸುವ ಅಕ್ಕ ಎಲ್ಲರೂ ಇದರೊಳಗೇ ಬರಬೇಕು. ಅವರೂ ಉಸಿರಾಡುತ್ತಾರೆ.

ಹಂತ 2: ಗಾಳಿ

ಉಳಿದೆಲ್ಲ ಹಂತಗಳನ್ನು ಅವಸರದಲ್ಲಿ ಓದಿದರೂ ನಡೆದೀತು, ಇದನ್ನು ಮಾತ್ರ ನಿಧಾನವಾಗಿ ಓದಿ.

ಸುಮ್ಮನೆ ಕುಳಿತವನು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದು ಬಿಡುತ್ತಾನೆ. ಟ್ರೆಡ್‌ಮಿಲ್ ಮೇಲೆ ಜೀವ ಬಿಟ್ಟು ಓಡುವವನು ಅದರ ಹತ್ತು ಪಟ್ಟಿಗಿಂತ ಹೆಚ್ಚು. ಸೋಂಕು ಇದ್ದವನಾದರೆ ಆ ಉಸಿರಿನ ಸೂಕ್ಷ್ಮ ಹನಿಗಳು ಹೊಗೆಯಂತೆ ಹಾಲ್ ತುಂಬ ತೇಲುತ್ತವೆ. ಆರಡಿ ದೂರದ ಹಳದಿ ವೃತ್ತ ಹೊಗೆಗೆ ಲೆಕ್ಕಕ್ಕಿಲ್ಲ. ದಕ್ಷಿಣ ಕೊರಿಯಾದ ಚಿಯೊನಾನ್‌ನಲ್ಲಿ 2020ರ ಫೆಬ್ರುವರಿ-ಮಾರ್ಚ್‌ನಲ್ಲಿ ಝುಂಬಾ ಮಾದರಿಯ ಕುಣಿತದ ಕ್ಲಾಸುಗಳಿಂದ 112 ಜನರಿಗೆ ಸೋಂಕು ಹರಡಿತು. ಚಿಕ್ಕ ಕೋಣೆ, ತುಂಬ ಜನ, ಜೋರು ಉಸಿರು. ಸೋಂಕಿತೆಯಾಗಿದ್ದ ಒಬ್ಬ ಟ್ರೇನರ್ ಏಳೆಂಟು ಜನರಿಗೆ ನಿಧಾನವಾಗಿ ಯೋಗ, ಪಿಲಾಟಿಸ್ ಕಲಿಸಿದ ಕ್ಲಾಸುಗಳಲ್ಲಿ ಯಾರಿಗೂ ಬರಲಿಲ್ಲ.

ಹಾಗಾದರೆ ಹೊಗೆಯನ್ನು ಹೊರಹಾಕಬೇಕು. ಸ್ಪ್ಲಿಟ್ ಎಸಿ ಈ ಕೆಲಸ ಮಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ಕೋಣೆಗೇ ಬಿಡುತ್ತದೆ. ಸೀಲಿಂಗ್ ಫ್ಯಾನ್ ಅದನ್ನು ಕದಡುತ್ತದೆ ಅಷ್ಟೆ. ಸ್ಟ್ಯಾಂಡ್ ಫ್ಯಾನ್ ಇನ್ನೂ ಕೆಟ್ಟದ್ದು: ಒಬ್ಬನ ಉಸಿರನ್ನು ಸಾಲಾಗಿ ನಾಲ್ವರ ಮುಖಕ್ಕೆ ಹೊಡೆಯುತ್ತದೆ. ಅದನ್ನು ಮೂಲೆಗಿಡಬೇಡಿ, ಮನೆಗೇ ಒಯ್ಯಿರಿ. ಮೂಲೆಗಿಟ್ಟರೆ ಯಾರಾದರೂ ಹಚ್ಚಿಯೇ ಹಚ್ಚುತ್ತಾರೆ.

ಎಷ್ಟು ಗಾಳಿ ಬೇಕು? ಮೇಲಿನದೇ ಹಾಲ್, ಎತ್ತರ 11 ಅಡಿ ಎಂದುಕೊಳ್ಳಿ. 40, 30, 11 ಗುಣಿಸಿದರೆ 13,200 ಘನ ಅಡಿ, 35.3ರಿಂದ ಭಾಗಿಸಿದರೆ ಸುಮಾರು 374 ಘನ ಮೀಟರ್. ಇಷ್ಟೂ ಗಾಳಿ ತಾಸಿಗೆ ಕನಿಷ್ಠ ಆರು ಸಲ ಬದಲಾಗಬೇಕು ಎನ್ನುವುದು ಸಾಮಾನ್ಯ ಲೆಕ್ಕ. ಜಿಮ್‌ಗೆ ನಾನು ಹತ್ತು ಎನ್ನುತ್ತೇನೆ, ಇದರಲ್ಲಿ ಚೌಕಾಸಿ ಇಲ್ಲ. ಅಂದರೆ ತಾಸಿಗೆ 3,740 ಘನ ಮೀಟರ್. ಎಕ್ಸಾಸ್ಟ್ ಫ್ಯಾನ್ ಡಬ್ಬಿಯ ಮೇಲೆ ತಾಸಿಗೆ ಎಷ್ಟು ಘನ ಮೀಟರ್ ಎಳೆಯುತ್ತದೆ ಎಂದು ಬರೆದಿರುತ್ತಾರೆ. ಆ ಅಂಕಿಯ ಅರ್ಧವನ್ನಷ್ಟೇ ನಂಬಿ; ಜಾಲರಿ, ಧೂಳು, ನಮ್ಮೂರಿನ ವೋಲ್ಟೇಜ್ ಉಳಿದರ್ಧವನ್ನು ತಿನ್ನುತ್ತವೆ. ಹಾಗಾಗಿ ಡಬ್ಬಿಗಳ ಮೇಲಿನ ಅಂಕಿ ಕೂಡಿಸಿದರೆ 7,500 ಬರುವಂತೆ ಕೊಳ್ಳಿ. ಬಚ್ಚಲಮನೆಗೆ ಹಾಕುವ ಪುಟ್ಟ ಪ್ಲಾಸ್ಟಿಕ್ ಫ್ಯಾನ್ ನಾಲ್ಕು ತಂದು ಸಾಲಾಗಿ ಕೂರಿಸಿದವರನ್ನು ಬಲ್ಲೆ. ಸದ್ದು ಮಾತ್ರ ಬಂತು.

ಇನ್ನು ಎಲ್ಲಿ ಹಾಕಬೇಕೆಂಬುದು. ಹತ್ತಕ್ಕೆ ಎಂಟು ಮಂದಿ ಎಡವುವುದು ಇಲ್ಲೇ. ವೈರ್ ಉಳಿಸಲು ಎಲೆಕ್ಟ್ರಿಷಿಯನ್ ಫ್ಯಾನನ್ನು ಬಾಗಿಲ ಮಗ್ಗುಲಿಗೇ ಕೂರಿಸುತ್ತಾನೆ. ಬಾಗಿಲಿಂದ ಬಂದ ಗಾಳಿ ಎರಡು ಹೆಜ್ಜೆ ಇಟ್ಟು ಫ್ಯಾನಿನಿಂದ ಹೊರಗೆ ಹೋಗುತ್ತದೆ. ಹಿಂದಿನ ಮೂಲೆಯಲ್ಲಿ ಬೆಂಚ್ ಪ್ರೆಸ್ ಮಾಡುವವನಿಗೆ ನಿನ್ನೆಯ ಗಾಳಿಯೇ ಗತಿ. ಫ್ಯಾನ್ ಒಂದು ತುದಿಗಿದ್ದರೆ ತೆರೆದ ಕಿಟಕಿ ಎದುರು ತುದಿಗಿರಬೇಕು, ಜನ ನಡುವೆ. ಫ್ಯಾನಿನ ಪಕ್ಕದ ಕಿಟಕಿ ಮುಚ್ಚಿ (ಮುಚ್ಚಿ ಎಂದು ನಾನು ಹೇಳುವ ಒಂದೇ ಕಿಟಕಿ ಇದು). ಫ್ಯಾನ್ ಮೆಟ್ಟಿಲಿನ ಕಡೆಗೂ ಊದಬಾರದು. ಒಂದು ಕಡೆ ಹಾಗೆ ಮಾಡಿ, ಮೇಲಿನ ಟ್ಯೂಷನ್ ಮಕ್ಕಳಿಗೆಲ್ಲ ಬೆವರಿನ ವಾಸನೆ ಕುಡಿಸಿದ್ದರು.

ಕಲಬುರಗಿಯವರಿಗೆ ದೇವರು ಕೊಟ್ಟ ವರ ಕೂಲರ್. 42 ಡಿಗ್ರಿಯಲ್ಲಿ ನಮ್ಮನ್ನು ಉಳಿಸುವ ಈ ತಗಡಿನ ಡಬ್ಬಿ ಎಸಿಯ ಹಾಗಲ್ಲ, ಹೊರಗಿನ ಗಾಳಿ ತರಬಲ್ಲದು. ಆದರೆ ಅದರ ಹುಲ್ಲಿನ ಮೂರೂ ಮಗ್ಗುಲು ಹೊರಗೆ ಬಯಲಿಗೆ ತೆರೆದಿದ್ದು, ಬಾಯಿ ಮಾತ್ರ ಕಿಟಕಿಯಲ್ಲಿರಬೇಕು. ಕೂಲರನ್ನೇ ಕೋಣೆಯೊಳಗೆ ಇಟ್ಟರೆ ಅದೂ ಒಳಗಿನ ಗಾಳಿಯನ್ನೇ ತಿರುವುತ್ತದೆ, ಮೇಲಿಂದ ತೇವ ಸೇರಿಸಿ ಬೆವರು ಆರದಂತೆ ಮಾಡುತ್ತದೆ. ಕಿಟಕಿಯಲ್ಲಿ ಕೂಲರ್, ಎದುರು ಗೋಡೆಯಲ್ಲಿ ಎಕ್ಸಾಸ್ಟ್: ಇದಕ್ಕಿಂತ ಅಗ್ಗದ, ಇದಕ್ಕಿಂತ ಒಳ್ಳೆಯ ಜೋಡಿ ಈ ಊರಲ್ಲಿ ಸಿಗದು. ಮಳೆಗಾಲದಲ್ಲಿ ನೀರಿನ ಪಂಪ್ ಬಂದ್ ಮಾಡಿ, ಫ್ಯಾನ್ ಅಷ್ಟೇ ಹಚ್ಚಿ. ಹೋದ ವರ್ಷದ ಹುಲ್ಲು ಕಪ್ಪಾಗಿದ್ದರೆ ಮೊದಲು ಬದಲಿಸಿ.

ಕೆಲಸ ಆಯಿತೋ ಇಲ್ಲವೋ ಎಂದು ನೋಡಲು ಊದುಬತ್ತಿ ಸಾಕು. ತೆರೆದ ಕಿಟಕಿಯ ಬಳಿ ಹಿಡಿದರೆ ಹೊಗೆ ಒಳಕ್ಕೆ ಬಾಗಬೇಕು, ಫ್ಯಾನ್ ಕಡೆ ಹೊರಕ್ಕೆ. ಆಮೇಲೆ ಹಿಂದಿನ ಮೂಲೆಗೆ ಹೋಗಿ ಹಿಡಿಯಿರಿ. ಅಲ್ಲಿ ಹೊಗೆ ನೆಟ್ಟಗೆ ಮೇಲೇರಿ ನಿಂತರೆ ಆ ಮೂಲೆಯ ಬೆಂಚ್ ಎತ್ತಿಸಿಬಿಡಿ. ಕೊನೆಗೆ ಎಲ್ಲ ಮುಚ್ಚಿ, ಒಂದು ಹಿಡಿ ಧೂಪ ಹಾಕಿ ಹಾಲ್ ತುಂಬ ಹೊಗೆ ಮಾಡಿ, ಎಲ್ಲ ತೆರೆದು, ಫ್ಯಾನ್ ಹಚ್ಚಿ ಗಡಿಯಾರ ನೋಡಿ. ಕಾಲು ಗಂಟೆಯಲ್ಲಿ ಕಣ್ಣಿಗೆ ಕಾಣುವ ಹೊಗೆ ಹೋಗಿರಬೇಕು.

ದುಡ್ಡಿದ್ದವರು ಇಂಗಾಲದ ಡೈ ಆಕ್ಸೈಡ್ ಅಳೆಯುವ ಮೀಟರ್ ತರಬಹುದು. ಹೊರಗಿನ ಗಾಳಿಯಲ್ಲಿ 400 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 400 ಪಾಲು) ಆಸುಪಾಸು ತೋರಿಸಬೇಕು. ಒಳಗೆ ಬ್ಯಾಚ್ ನಡೆಯುವಾಗ 800 ದಾಟಿದರೆ ಇಬ್ಬರನ್ನು ಹೊರಗೆ ಕಳಿಸಿ. ಆನ್‌ಲೈನ್‌ನಲ್ಲಿ ಸಿಗುವ ತೀರಾ ಅಗ್ಗದವು ಇಂಗಾಲದ ಡೈ ಆಕ್ಸೈಡನ್ನೇ ಅಳೆಯುವುದಿಲ್ಲ, ಬೇರೆ ಆವಿ ನೋಡಿ ಅಂದಾಜು ಹೇಳುತ್ತವೆ. ಹತ್ತಿರ ಸ್ವಲ್ಪ ಸ್ಯಾನಿಟೈಜರ್ ಸಿಂಪಡಿಸಿ. ಅಂಕಿ ಜಿಗಿದರೆ ವಾಪಸ್ ಕಳಿಸಿ.

ಹತ್ತು ಸಲ ಗಾಳಿ ಬದಲಾಗುವ ಹಾಲ್‌ನಲ್ಲೂ ತೇಲುವ ಹನಿಗಳಲ್ಲಿ ಶೇ 99ರಷ್ಟು ಹೊರಹೋಗಲು 28 ನಿಮಿಷ ಬೇಕು. ಆದ್ದರಿಂದ 45 ನಿಮಿಷ ಬ್ಯಾಚ್, ಅರ್ಧ ಗಂಟೆ ಖಾಲಿ. ಕರೆಂಟ್ ಹೋದರೆ ಎಲ್ಲರೂ ಹೊರಗೆ. ಇನ್ವರ್ಟರ್‌ಗೆ ಟ್ಯೂಬ್‌ಲೈಟಿಗಿಂತ ಮೊದಲು ಎಕ್ಸಾಸ್ಟ್ ಜೋಡಿಸಿ.

ನೆಲಮಾಳಿಗೆಯ ಜಿಮ್? ತೆರೆಯಬೇಡಿ. ಇಎಂಐ, ಬಾಡಿಗೆ ನನಗೂ ಗೊತ್ತು, ಆದರೂ ತೆರೆಯಬೇಡಿ. ಡಂಬೆಲ್ಸ್, ಬೆಂಚ್, ಬಾರ್ ಇಷ್ಟನ್ನು ಮಾಳಿಗೆ ಮೇಲೆ ಏರಿಸಿ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ನಡೆಸಿ. ಹಳೆಯ ತಾಲೀಮಿನವರು ಬಯಲಲ್ಲಿ ಸಾಮು ಮಾಡಿಯೇ ಗಟ್ಟಿಯಾದವರು. (ಕುಸ್ತಿ ಮಾತ್ರ ಸೋಂಕಿನ ದಿನಗಳಲ್ಲಿ ಬೇಡ. ಮೈಗೆ ಮೈ ತಾಗುವ ಆಟಕ್ಕೆ ಯಾವ ಫ್ಯಾನೂ ನೆರವಾಗದು.)

ಹಂತ 3: ಮಾಸ್ಕ್ ಮತ್ತು ಹಾಡು

ಮೂರು ಪದರದ ಮಾಸ್ಕ್, ಜೇಬಲ್ಲಿ ಇನ್ನೊಂದು. ಬೆವರಿಗೆ ಒದ್ದೆಯಾದರೆ ಬದಲಿಸಿ. ಮುಂದೆ ಪ್ಲಾಸ್ಟಿಕ್ ಬಿಲ್ಲೆಯಂತಹ ವಾಲ್ವ್ ಇರುವುದು ಬೇಡ, ಅದು ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ಮಾಸ್ಕ್ ಹಾಕಿ ಓಡಲಾಗದವರು ಓಡಬೇಡಿ, ನಡೆಯಿರಿ. ಓಡಲು ಅಪ್ಪನ ಕೆರೆ ಸುತ್ತ ಜಾಗವಿದೆ. ಹಾಡಿನ ಸದ್ದು ಅರ್ಧಕ್ಕಿಳಿಸಿ. ಸ್ಪೀಕರ್ ಕಿರುಚಿದಷ್ಟೂ ಟ್ರೇನರ್ ಕಿರುಚಬೇಕು, ಕಿರುಚಿದಷ್ಟೂ ಹನಿ ಹಾರುತ್ತವೆ.

ಹಂತ 4: ಒರೆಸುವುದು

ಎಲ್ಲರೂ ಚೆನ್ನಾಗಿಯೇ ಮಾಡುತ್ತಿದ್ದೀರಿ, ಅತಿಯಾಗಿಯೂ. ಬಾರ್, ಡಂಬೆಲ್ಸ್‌ಗೆ ಸೋಪಿನ ನೀರು ಅಥವಾ ಶೇ 70ರ ಆಲ್ಕೊಹಾಲ್ ಸಾಕು. ಟ್ರೆಡ್‌ಮಿಲ್ ಒರೆಸುವ ಮೊದಲು ಸ್ವಿಚ್ ಬಂದ್ ಮಾಡಿ. ಹೈಪೊಕ್ಲೋರೈಟ್ (ಬ್ಲೀಚ್ ದ್ರಾವಣ) ನೆಲಕ್ಕೆ, ಶೌಚಾಲಯಕ್ಕೆ ಮಾತ್ರ: ಶೇ 5ರ ದ್ರಾವಣವಾದರೆ ಒಂದು ಪಾಲಿಗೆ ನಾಲ್ಕು ಪಾಲು ನೀರು. ಕಬ್ಬಿಣಕ್ಕೆ ಹಾಕಿದರೆ ತಿಂಗಳಲ್ಲಿ ತುಕ್ಕು. ಅದರ ಜೊತೆ ಆ್ಯಸಿಡ್ ಬೆರೆಸಲೇಬಾರದು, ಕ್ಲೋರಿನ್ ವಿಷಾನಿಲ ಏಳುತ್ತದೆ. ಆ್ಯಸಿಡ್ ನಮ್ಮ ಶಹಾಬಾದಿ ಫರ್ಸಿಯನ್ನೂ (ನೆಲಹಾಸಿನ ಕಲ್ಲು) ತಿನ್ನುತ್ತದೆ, ಆ ಬಾಟಲಿ ಜಿಮ್‌ನಲ್ಲಿ ಇರುವುದೇ ಬೇಡ.

ಕೊಳ್ಳಬಾರದ ವಸ್ತುಗಳು: ಜನರ ಮೇಲೆ ಔಷಧಿ ಸಿಂಪಡಿಸುವ ಸುರಂಗ (ಮನುಷ್ಯರ ಮೇಲೆ ಸಿಂಪಡಿಸಬೇಡಿ ಎಂದು ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲೇ ಹೇಳಿದೆ), ಕೊರಳಿಗೆ ಹಾಕುವ ‘ವೈರಸ್ ತಡೆಯುವ’ ಕಾರ್ಡು, ಯುವಿ ಟಾರ್ಚ್. ಜ್ವರದ ಗನ್ ಇರಲಿ, ಆದರೆ ಬೈಕ್ ಮೇಲೆ ಬಿಸಿಲಲ್ಲಿ ಬಂದವನ ಹಣೆಗೆ ಹಿಡಿದರೆ ಬಿಸಿಲಿನ ಜ್ವರವೇ ಕಾಣುವುದು. ಹತ್ತು ನಿಮಿಷ ನೆರಳಲ್ಲಿ ಕೂರಿಸಿ ನೋಡಿ.

ಹಂತ 5: ಯಾರು ಬರಬಾರದು

65 ದಾಟಿದವರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಸೋಂಕಿನ ದಿನಗಳಲ್ಲಿ ಮುಚ್ಚಿದ ಹಾಲ್‌ಗೆ ಬೇಡ. ಅವರ ಫೀಸು ಹಿಡಿದಿಡದೆ ಮುಂದಿನ ತಿಂಗಳುಗಳಿಗೆ ಜಮಾ ಮಾಡಿ. ಟ್ರೇನರ್‌ಗಳಿಗೆ ಮೊದಲು ಲಸಿಕೆ ಹಾಕಿಸಿ. 2021ರ ಆ ಜೂನ್ ಹೊತ್ತಿಗೆ 18 ದಾಟಿದವರಿಗೆಲ್ಲ ಅವಕಾಶ ಸಿಕ್ಕಿತ್ತು.

ನನಗೆ ಹೆಚ್ಚು ಭಯ ಕೋವಿಡ್ ಬಂದು ಗುಣವಾದ ಹುಡುಗರದು. ತೂಕ ಇಳಿಯಿತು, ತೋಳು ಸಣ್ಣಗಾಯಿತು ಎಂದು ಮೊದಲ ದಿನವೇ ಹಳೆಯ ಭಾರ ಎತ್ತಲು ಹೋಗುತ್ತಾರೆ. ಲಕ್ಷಣ ಪೂರ್ತಿ ಹೋಗಿ ಕನಿಷ್ಠ ಎರಡು ವಾರ ಕಳೆಯಲಿ. ಆಸ್ಪತ್ರೆಗೆ ಸೇರಿದ್ದವರು ವೈದ್ಯರು ಹೇಳಿದ ಮೇಲೆಯೇ ಬರಲಿ. ಬೆರಳಿಗೆ ಆಕ್ಸಿಮೀಟರ್ ಹಾಕಿ (ಉಗುರು ಬಣ್ಣ ಇದ್ದರೆ ಅಂಕಿ ತಪ್ಪುತ್ತದೆ), ಆರು ನಿಮಿಷ ನಡೆಸಿ, ಮತ್ತೆ ನೋಡಿ. 95ಕ್ಕಿಂತ ಕೆಳಗಿದ್ದರೆ ಅಥವಾ ನಡೆದ ಮೇಲೆ ಮೂರಕ್ಕಿಂತ ಹೆಚ್ಚು ಇಳಿದರೆ ಆ ದಿನ ವ್ಯಾಯಾಮವಿಲ್ಲ, ಡಾಕ್ಟರ ಹತ್ತಿರ. ಎದೆನೋವು, ತಲೆಸುತ್ತು, ಎದೆ ಢವಢವ ಎಂದರೂ ಅಷ್ಟೆ. ಸರಿ ಇದ್ದರೆ ಹಳೆಯ ಭಾರದ ಮೂರನೇ ಒಂದು ಪಾಲಿನಿಂದ ಶುರು. ‘ನಾ ಆರಾಮ್ ಅದೀನ್ರಿ ಅಣ್ಣಾ’ ಎಂಬ ಮಾತಿಗೆ ಬೆಲೆ ಕೊಡಬೇಡಿ.

ಹಂತ 6: ರಿಜಿಸ್ಟರ್

ಹೆಸರು, ಫೋನ್, ಬಂದ ಹೊತ್ತು, ಹೋದ ಹೊತ್ತು. ಯಾರಿಗಾದರೂ ಸೋಂಕು ಬಂದರೆ ಆ ಬ್ಯಾಚಿನವರಿಗೆಲ್ಲ ಅದೇ ದಿನ ನೀವೇ ಫೋನ್ ಮಾಡಿ, ಆರೋಗ್ಯ ಇಲಾಖೆಗೂ ತಿಳಿಸಿ (2021ರಲ್ಲಿ ಇದಕ್ಕೆ ಆಪ್ತಮಿತ್ರ ಸಹಾಯವಾಣಿ 14410 ಇತ್ತು). ಮುಚ್ಚಿಟ್ಟ ಜಿಮ್ಮಿನ ಹೆಸರು ಊರ ನಡುವಿನ ಸೂಪರ್ ಮಾರ್ಕೆಟ್ ಪೇಟೆ ತಲುಪಲು ಎರಡು ದಿನವೂ ಬೇಡ.

ಇನ್ನೊಂದು ಕೆಲಸ ಉಳಿದಿದೆ. ಆರಿದ್ರಾ ಮಳೆ ಬಂತು. ಇರಚಲು ಹೊಡೆದ ಮೊದಲ ದಿನವೇ ಯಾರೋ ಓಡಿಹೋಗಿ ಕಿಟಕಿ ಮುಚ್ಚುತ್ತಾರೆ, ಆಮೇಲೆ ದೀಪಾವಳಿವರೆಗೂ ಅದು ತೆರೆಯುವುದಿಲ್ಲ. ಅದಕ್ಕೇ ಈ ವಾರವೇ ಕಿಟಕಿಗಳ ಮೇಲೆ ಎರಡಡಿ ಮುಂದೆ ಚಾಚುವಂತೆ ತಗಡು ಹೊಡೆಸಿ. ಸೇಡಂ ರಸ್ತೆಯವರು ಪ್ಲೈವುಡ್ ಕಿತ್ತಿದ್ದಾರೆ, ತಗಡಿಗೆ ಅಳತೆ ಕೊಟ್ಟಿದ್ದಾರೆ. ಕಿಟಕಿಯ ಚಿಲಕಗಳನ್ನೆಲ್ಲ ಬಿಚ್ಚಿಸಿ ನಾನೇ ತಂದಿದ್ದೇನೆ. ನನ್ನ ಬೈಕಿನ ಡಿಕ್ಕಿಯಲ್ಲಿವೆ.