ಹೊಸ ಒಲೆಗೆ ಮೊದಲ ಬೆಂಕಿ ಹಾಕುವುದು ಹೇಗೆ?

ಒಲೆ ಕಟ್ಟಿ ಮುಗಿದ ಸಂಜೆಯೇ ಧಗಧಗ ಉರಿ ಹಾಕುವವರನ್ನು ತುಂಬಾ ನೋಡಿದ್ದೇನೆ. ಬೆಳಗ್ಗೆ ನೋಡಿದರೆ ಒಳಗೋಡೆ ಚಕ್ಕೆ ಎದ್ದಿರುತ್ತದೆ. ‘ರಿಫ್ರ್ಯಾಕ್ಟರಿ ಇಟ್ಟಿಗೆ ಅಂತ ಕೊಟ್ರು, ಬೆಂಕಿ ತಡೀಲೇ ಇಲ್ಲ’ ಎಂದು ಬೈಯುತ್ತಾರೆ. ತಪ್ಪು ಇಟ್ಟಿಗೆಯದಲ್ಲ.

‘ರಿಫ್ರ್ಯಾಕ್ಟರಿ’ ಎಂಬ ಪದದ ಬೇರು ಲ್ಯಾಟಿನ್ನಿನದು. ಎದುರು ನಿಲ್ಲುವುದು ಎಂಬ ಅರ್ಥದ ‘ರೆಫ್ರಾಗಾರಿ’ಯಿಂದ ಬಂತು. ಮೊದಲು ಹೇಳಿದ ಮಾತು ಕೇಳದ ಮನುಷ್ಯರನ್ನು ಹಾಗೆ ಕರೆಯುತ್ತಿದ್ದರು. ಸುಲಭವಾಗಿ ಕರಗದ ಅದಿರಿಗೂ, ಇಟ್ಟಿಗೆಗೂ ಆಮೇಲೆ ಅಂಟಿತು. ನಮ್ಮ ಮಾತಲ್ಲಿ ಹೇಳುವುದಾದರೆ ಮೊಂಡ ಇಟ್ಟಿಗೆ. ಎಷ್ಟೇ ಕಾಯಿಸಿದರೂ ಬೇಗ ಮೆತ್ತಗಾಗದು, ಕರಗದು. ನೀರು ಕುಡಿಯದು ಎಂದು ಮಾತ್ರ ಆ ಪದ ಹೇಳುವುದಿಲ್ಲ.

‘ಬೆಂಕಿ ತಡೆಯುವ’ ಜಿಪ್ಸಂ ಬೋರ್ಡೇ ಬೇರೆ. ಅದರೊಳಗಿನ ನೀರು ಆವಿಯಾಗುವ ತನಕ ಬೆಂಕಿಯನ್ನು ತಡವಾಗಿಸುತ್ತದೆ, ಆಮೇಲೆ ಪುಡಿಯಾಗುತ್ತದೆ. ಅದನ್ನು ಒಲೆಯೊಳಗೆ ಹಾಕಲೇಬೇಡಿ.

1. ಇಟ್ಟಿಗೆಯ ಧೂಳು ಒರೆಸಿ, ಒಣಗಿಸಿಕೊಳ್ಳಿ.

2. ಬೆಂಕಿ ಜೇಡಿಯ (ಕಾವಿಗೆ ಬೇಗ ಕರಗದ ಜೇಡಿಮಣ್ಣು, ಫೈರ್ ಕ್ಲೇ) ಗಾರೆಯನ್ನು ದಪ್ಪ ಬಣ್ಣದ ಹದಕ್ಕೆ ಕಲಸಿ. ಇಟ್ಟಿಗೆಯ ಮುಖವನ್ನು ಅದರಲ್ಲಿ ಅದ್ದಿ, ಒತ್ತಿ ಕೂರಿಸಿ, ಮರದ ಸುತ್ತಿಗೆಯಿಂದ ತಟ್ಟಿ. ಸಂದು 2 ಮಿಲಿಮೀಟರ್ ಇದ್ದರೆ ಸಾಕು. ಬೇಗ ಗಟ್ಟಿಯಾಗಲಿ ಅಂತ ಮಾಮೂಲಿ ಸಿಮೆಂಟ್ ಬೆರೆಸುವವರಿದ್ದಾರೆ. ಬೇಡ. 400–500 ಡಿಗ್ರಿ ದಾಟಿದರೆ ಅದರ ಹಿಡಿತ ಸಡಿಲವಾಗುತ್ತದೆ.

3. ಒಂದು ವಾರ ನೆರಳಲ್ಲಿ ಬಿಡಿ.

4. ಕೆಲಸ ಕೆಡುವುದು ಇಲ್ಲೇ. ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ನೀರು ಇದ್ದೇ ಇರುತ್ತದೆ. ನೀರು ಆವಿಯಾದರೆ ಸುಮಾರು 1,600 ಪಟ್ಟು ಜಾಗ ಬೇಕು. ಜೋರು ಉರಿ ಕೊಟ್ಟರೆ ಅಷ್ಟು ಆವಿಗೆ ಹೊರಬರಲು ದಾರಿ ಸಿಗದೆ ಇಟ್ಟಿಗೆಯ ಮುಖವನ್ನೇ ಸಿಡಿಸುತ್ತದೆ. ಟಪ್ ಎಂಬ ಸದ್ದು ಕೇಳಿದರೆ ತಡವಾಯಿತು ಅಂತಲೇ ಅರ್ಥ.

ಮೊದಲ ದಿನ ನಾಲ್ಕು ಪುಳ್ಳೆಯ ಪುಟ್ಟ ಬೆಂಕಿ ಸಾಕು. ಗೋಡೆ 100 ಡಿಗ್ರಿಯ ಆಸುಪಾಸಿನಲ್ಲಿ ಐದಾರು ಗಂಟೆ ಇರಲಿ. ಆಮೇಲೆ ದಿನಕ್ಕೆ 50 ಡಿಗ್ರಿಯಂತೆ ಏರಿಸಿ. ಅಂದಾಜು ನಂಬಬೇಡಿ, ಥರ್ಮಾಮೀಟರ್ ಇಟ್ಟುಕೊಳ್ಳಿ. ಎರಡನೇ, ಮೂರನೇ ದಿನ ಹೊರಗೋಡೆಯಲ್ಲಿ ಅಂಗೈಯಗಲದ ಒದ್ದೆ ಕಲೆ ಮೂಡಬಹುದು. ಹೆದರಬೇಡಿ, ಒಳಗಿನ ನೀರು ಹೊರಗೆ ಬರುತ್ತಿದೆ ಅಷ್ಟೇ. ಆ ಕಲೆ ಪೂರ್ತಿ ಒಣಗುವ ತನಕ ಉರಿ ಹೆಚ್ಚಿಸಬೇಡಿ. ನಡುವೆ ಮಳೆಗೆ ನೆನೆದರೆ ಮತ್ತೆ ಪುಟ್ಟ ಬೆಂಕಿಯಿಂದಲೇ ಶುರು ಮಾಡಿ. ಗ್ಯಾಸ್ ಟಾರ್ಚ್ ಹಿಡಿದು ಒಣಗಿಸುವ ಅಡ್ಡದಾರಿ ನನಗೆ ಒಪ್ಪಿಗೆಯಿಲ್ಲ. ಒಂದೇ ಕಡೆ ಸುಟ್ಟು, ಪಕ್ಕದಲ್ಲಿ ಹಸಿ ಉಳಿಯುತ್ತದೆ.

5. ಉರಿ ಮುಗಿದ ಮೇಲೆ ಬಾಗಿಲು ಮುಚ್ಚಿ, ತಾನಾಗಿ ತಣ್ಣಗಾಗಲು ಬಿಡಿ. ನೀರು ಎರಚಬೇಡಿ. ಕೂದಲೆಳೆಯಷ್ಟು ಬಿರುಕು ಕಂಡರೆ ಹಾಗೇ ಇರಲಿ, ಕಾದಾಗ ಮುಚ್ಚಿಕೊಳ್ಳುತ್ತದೆ. ಉಗುರು ತೂರುವಷ್ಟಿದ್ದರೆ ಮಾತ್ರ ಅದೇ ಗಾರೆ ತುಂಬಿ.